ಆರ್ ಭಾಷೆಯಲ್ಲಿ ಮಾಡೆಲ್ ಸೂತ್ರ ತಿದ್ದುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ ಭಾಷೆಯಲ್ಲಿ ಒಂದು ರಿಗ್ರೆಶನ್ ಮಾಡೆಲ್ (ಒಂದು ಅಳತೆಯನ್ನು ಬೇರೆ ಅಳತೆಗಳಿಂದ ಅಂದಾಜಿಸುವ ಲೆಕ್ಕ) ಫಿಟ್ ಮಾಡುವುದಕ್ಕೆ, ಅಂದರೆ ದತ್ತಾಂಶಕ್ಕೆ ಹೊಂದಿಸುವುದಕ್ಕೆ, ಒಂದೇ ಸಾಲು ಸಾಕು. ತಲೆನೋವು ಶುರುವಾಗುವುದು ಎರಡನೆಯ ಮಾಡೆಲ್‌ನಿಂದ. ಒಂದು ವೇರಿಯಬಲ್ ಸೇರಿಸಿ ನೋಡೋಣ, ಇನ್ನೊಂದನ್ನು ಬಿಟ್ಟು ನೋಡೋಣ, ಎಡಬದಿಗೆ ಲಾಗ್ ಹಾಕೋಣ ಅಂತ ಹೋದಂತೆ ಅದೇ ಸಾಲನ್ನು ಕಾಪಿ ಮಾಡಿ ಕೆಳಗೆ ಅಂಟಿಸುತ್ತಾ ಹೋಗುತ್ತೇವೆ. ಹತ್ತು ಮಾಡೆಲ್ ಆಗುವಷ್ಟರಲ್ಲಿ ಐದನೆಯದರಲ್ಲಿ ಒಂದು ಹೆಸರು ತಪ್ಪಿರುತ್ತದೆ, ಎಂಟನೆಯದರಲ್ಲಿ ಒಂದು ಪದ ಬಿಟ್ಟೇ ಹೋಗಿರುತ್ತದೆ. ಎರಡೂ ದೋಷ ತೋರಿಸದೆ ಓಡುತ್ತವೆ.

ನಾನು ಒಂದು ಕಾಲದಲ್ಲಿ ಸೂತ್ರವನ್ನು (ಆ ಸಾಲಿನಲ್ಲಿ ಮಾಡೆಲ್‌ಗೆ ಯಾವ ವೇರಿಯಬಲ್‌ಗಳು ಬೇಕು ಎಂದು ಹೇಳುವ ಭಾಗ) ಬರೀ ಪಠ್ಯ ಎಂದುಕೊಂಡು ಅದರ ಮೇಲೆ ಹುಡುಕಿ-ಬದಲಿಸುವ ಆಜ್ಞೆ ಓಡಿಸುತ್ತಿದ್ದೆ. ‘ಟೆಂಪ್’ ಎಂಬುದನ್ನು ಬದಲಿಸಲು ಹೋದರೆ ‘ಟೆಂಪ್2’ ಎಂಬ ಬೇರೆ ಕಾಲಂನ ಹೆಸರೂ ಅರ್ಧ ಬದಲಾಗಿತ್ತು. ದುರದೃಷ್ಟಕ್ಕೆ ಆ ಹೊಸ ಹೆಸರಿನ ಕಾಲಂ ಕೂಡ ದತ್ತಾಂಶದಲ್ಲಿತ್ತು. ಒಂದು ಸಂಜೆ ಪೂರ್ತಿ ಹೋಯಿತು. ಆವತ್ತಿನಿಂದ ಸೂತ್ರವನ್ನು ಅಕ್ಷರಗಳಾಗಿ ಮುಟ್ಟುವುದನ್ನು ಬಿಟ್ಟೆ. ಅದಕ್ಕೊಂದು ಒಳರಚನೆ ಇದೆ. ತಿದ್ದುವುದಿದ್ದರೆ ಆ ರಚನೆಯನ್ನೇ ತಿದ್ದಬೇಕು.

ಓದುವ ಮೊದಲು ಒಂದು ಮಾತು. ಇಲ್ಲಿ ಆಜ್ಞೆಗಳನ್ನೆಲ್ಲ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಳ್ಳಿ. ಫಂಕ್ಷನ್‌ಗಳ ಹೆಸರಿಗೆ ಸಾಮಾನ್ಯವಾಗಿ ಸಣ್ಣಕ್ಷರ; ಐ ಮತ್ತು ಎಐಸಿ, ಹಾಗೆಯೇ ಟ್ರೂ ಮತ್ತು ಫಾಲ್ಸ್ ಪೂರ್ತಿ ದೊಡ್ಡಕ್ಷರ. ಉದಾಹರಣೆಗೆ ಬಳಸಿರುವ ಕಾಲಂಗಳ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತವೆ, ಮತ್ತು ಆರ್ ಈ ವ್ಯತ್ಯಾಸವನ್ನು ಕಟ್ಟುನಿಟ್ಟಾಗಿ ನೋಡುತ್ತದೆ.

ಉದಾಹರಣೆಗೆ ಆರ್ ಜೊತೆಗೇ ಬರುವ ‘ಏರ್‌ಕ್ವಾಲಿಟಿ’ ದತ್ತಾಂಶ ಸಾಕು. 1973ರ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ನ್ಯೂಯಾರ್ಕ್‌ನ ಗಾಳಿಯ ದಿನನಿತ್ಯದ ಅಳತೆಗಳು ಅದರಲ್ಲಿವೆ. ಒಟ್ಟು 153 ಸಾಲು, 6 ಕಾಲಂ: ಓಝೋನ್, ಸೋಲಾರ್.ಆರ್ (ಸೂರ್ಯನ ವಿಕಿರಣ), ವಿಂಡ್ (ಗಾಳಿಯ ವೇಗ), ಟೆಂಪ್ (ತಾಪಮಾನ), ಮಂತ್ (ತಿಂಗಳು), ಡೇ (ದಿನ). ಓಝೋನ್ ಕಾಲಂನಲ್ಲಿ 37 ಕಡೆ, ಸೋಲಾರ್.ಆರ್ ಕಾಲಂನಲ್ಲಿ 7 ಕಡೆ ಅಳತೆ ಇಲ್ಲ, ಎನ್‌ಎ ಎಂದಿದೆ. ಈ ಖಾಲಿ ಜಾಗಗಳೇ ಮುಂದೆ ನಮಗೆ ಪಾಠ ಹೇಳಲಿವೆ.

ಹಂತ 1: ಸೂತ್ರದ ಒಳಗೇನಿದೆ ನೋಡಿ

ಸೂತ್ರ ಬರೆಯುವ ಈ ಪದ್ಧತಿಗೆ ಐವತ್ತು ವರ್ಷ ದಾಟಿದೆ. ಸಂಖ್ಯಾಶಾಸ್ತ್ರಜ್ಞರಾದ ವಿಲ್ಕಿನ್‌ಸನ್ ಮತ್ತು ರೋಜರ್ಸ್ 1973ರಲ್ಲಿ ಪ್ರಕಟಿಸಿದ ಸಂಕೇತಗಳು ಮೂಲ. ಮುಂದೆ ಅವು ಆರ್‌ನ ಪೂರ್ವಜವಾದ ಎಸ್ ಭಾಷೆಗೆ ಬಂದವು, ಅಲ್ಲಿಂದ ಆರ್‌ಗೆ.

ಸೂ <- ಓಝೋನ್ ~ ಟೆಂಪ್ + ವಿಂಡ್

ಟೆಂಪ್, ವಿಂಡ್‌ಗಳಿಂದ ಓಝೋನ್ ಅನ್ನು ವಿವರಿಸು ಎಂಬುದು ಇದರ ಅರ್ಥ. ಹೀಗೆ ಬರೆದಾಗ ಆರ್ ಏನನ್ನೂ ಲೆಕ್ಕ ಹಾಕುವುದಿಲ್ಲ. ಓಝೋನ್ ಅನ್ನುವ ಕಾಲಂ ಎಲ್ಲಿದೆ ಎಂದೂ ಹುಡುಕುವುದಿಲ್ಲ. ಬರೆದದ್ದನ್ನು ಬರೆದಂತೆಯೇ, ಒಂದು ಮರದ ಆಕಾರದಲ್ಲಿ ಎತ್ತಿಟ್ಟುಕೊಳ್ಳುತ್ತದೆ. ಸೂ[[1]] ಕೇಳಿದರೆ ಅಲೆಗೆರೆ (~) ಸಿಗುತ್ತದೆ, ಸೂ[[2]] ಎಡಬದಿ, ಸೂ[[3]] ಬಲಬದಿ. ಎಡಬದಿಯೇ ಇಲ್ಲದ ಸೂತ್ರವಾದರೆ ಎರಡೇ ತುಂಡು. ಇದರ ಜೊತೆಗೆ, ಸೂತ್ರ ಹುಟ್ಟಿದ ಜಾಗ ಯಾವುದು ಎಂಬ ಒಂದು ಗುರುತೂ ಅಂಟಿಕೊಂಡಿರುತ್ತದೆ. ಅದರ ವಿಚಾರ ಆಮೇಲೆ.

ಬಲಬದಿಯ ಚಿಹ್ನೆಗಳಿಗೆ ಶಾಲೆಯ ಗಣಿತದ ಅರ್ಥ ಇಲ್ಲ ಎಂಬುದನ್ನು ಮರೆಯಬೇಡಿ. ಕೂಡು ಚಿಹ್ನೆ ಅಂದರೆ ‘ಈ ಪದವೂ ಇರಲಿ’. ಕಳೆ ಚಿಹ್ನೆ ಅಂದರೆ ‘ಈ ಪದ ಬೇಡ’. ಎ:ಬಿ ಅಂದರೆ ಎರಡರ ಇಂಟರಾಕ್ಷನ್ (ಒಂದರ ಪರಿಣಾಮ ಇನ್ನೊಂದರ ಬೆಲೆಗೆ ತಕ್ಕಂತೆ ಬದಲಾಗುವುದು). ಎ*ಬಿ ಎಂಬುದು ಎ + ಬಿ + ಎ:ಬಿ ಎಂಬುದರ ಚಿಕ್ಕ ರೂಪ. ಎ/ಬಿ ಎಂದರೆ ಎ + ಎ:ಬಿ. (ಎ + ಬಿ + ಸಿ)^2 ಎಂದರೆ ಮೂರೂ ಪದ ಮತ್ತು ಅವುಗಳ ಎಲ್ಲ ಜೋಡಿ ಇಂಟರಾಕ್ಷನ್‌ಗಳು.

ಹೊಸಬರು ಮೊದಲು ಎಡವುವುದು ಈ ಕೊನೆಯದರಲ್ಲಿ. ಟೆಂಪ್ + ಟೆಂಪ್^2 ಎಂದು ಬರೆದು ವರ್ಗದ ಪದ ಸೇರಿಸಿದೆವು ಎಂದುಕೊಳ್ಳುತ್ತಾರೆ. ಸೂತ್ರದ ಭಾಷೆಯಲ್ಲಿ ಟೆಂಪ್^2 ಎಂದರೆ ಟೆಂಪ್ ತನ್ನೊಂದಿಗೇ ಜೋಡಿಯಾಗುವುದು, ಅಂದರೆ ಮತ್ತೆ ಟೆಂಪ್ ಅಷ್ಟೇ. ಹಾಗಾಗಿ ಮಾಡೆಲ್ ಇದ್ದಲ್ಲೇ ಇರುತ್ತದೆ, ಎಚ್ಚರಿಕೆಯೂ ಬರುವುದಿಲ್ಲ. ನಿಜವಾದ ವರ್ಗ ಬೇಕಿದ್ದರೆ ಐ(ಟೆಂಪ್^2) ಎಂದು ಹೊದಿಕೆ ಹಾಕಬೇಕು, ಇಲ್ಲವೇ ಪಾಲಿ(ಟೆಂಪ್, 2) ಬಳಸಬೇಕು. ಫಂಕ್ಷನ್‌ನ ಆವರಣದೊಳಗೆ ಹೋದ ಮೇಲೆ ಚಿಹ್ನೆಗಳಿಗೆ ಮತ್ತೆ ಮಾಮೂಲಿ ಗಣಿತದ ಅರ್ಥವೇ.

ಹಂತ 2: ಅಪ್‌ಡೇಟ್ ಮತ್ತು ಚುಕ್ಕಿ

ತಿದ್ದುಪಡಿಯ ಹತ್ತರಲ್ಲಿ ಒಂಬತ್ತು ಕೆಲಸ ‘ಅಪ್‌ಡೇಟ್’ ಒಂದರಿಂದಲೇ ಆಗುತ್ತದೆ. ಅದಕ್ಕೆ ಹಳೆಯ ಸೂತ್ರ ಕೊಡಿ, ಪಕ್ಕದಲ್ಲಿ ಬದಲಾವಣೆಯನ್ನು ಹೇಳಿ. ಬದಲಾವಣೆಯಲ್ಲಿ ಬರುವ ಚುಕ್ಕಿಯ ಅರ್ಥ ‘ಈ ಬದಿಯಲ್ಲಿ ಮೊದಲು ಏನಿತ್ತೋ ಅದು’.

ಅಪ್‌ಡೇಟ್(ಸೂ, . ~ . + ಸೋಲಾರ್.ಆರ್)

ಉತ್ತರ: ಓಝೋನ್ ~ ಟೆಂಪ್ + ವಿಂಡ್ + ಸೋಲಾರ್.ಆರ್. ಇದೇ ರೀತಿಯಲ್ಲಿ:

ಅಪ್‌ಡೇಟ್(ಸೂ, . ~ . - ವಿಂಡ್)
ಅಪ್‌ಡೇಟ್(ಸೂ, ಲಾಗ್(.) ~ .)
ಅಪ್‌ಡೇಟ್(ಸೂ, . ~ .^2)
ಅಪ್‌ಡೇಟ್(ಸೂ, . ~ . * ಸೋಲಾರ್.ಆರ್)
ಅಪ್‌ಡೇಟ್(ಸೂ, . ~ . - ಟೆಂಪ್ + ಪಾಲಿ(ಟೆಂಪ್, 2))

ಮೂರನೆಯದರಲ್ಲಿ ಚುಕ್ಕಿಯ ಜಾಗಕ್ಕೆ ಟೆಂಪ್ + ವಿಂಡ್ ಬರುವಾಗ ಅದರ ಸುತ್ತ ಆವರಣವೂ ತಾನಾಗಿ ಬರುತ್ತದೆ. ಆದ್ದರಿಂದ ಘಾತ ವಿಂಡ್‌ಗೆ ಮಾತ್ರ ತಗಲುವ ಭಯವಿಲ್ಲ; ಫಲಿತಾಂಶ ಓಝೋನ್ ~ ಟೆಂಪ್ + ವಿಂಡ್ + ಟೆಂಪ್:ವಿಂಡ್. ಪಠ್ಯ ಅಂಟಿಸುವ ವಿಧಾನದಲ್ಲಿ ಈ ಆವರಣವನ್ನು ನಾವೇ ನೆನಪಿಟ್ಟು ಹಾಕಬೇಕಾಗುತ್ತದೆ, ಮತ್ತು ನಾವು ಮರೆಯುತ್ತೇವೆ.

ಅಪ್‌ಡೇಟ್ ಸೂತ್ರವನ್ನು ಬಿಡಿಸಿ ಜೋಡಿಸಿಯೂ ಕೊಡುತ್ತದೆ. ಎ*ಬಿ ಎಂದಿದ್ದ ಕಡೆ ಸಿ ಸೇರಿಸಿದರೆ ನಿಮಗೆ ಮರಳಿ ಬರುವುದು ಎ + ಬಿ + ಸಿ + ಎ:ಬಿ. ಒಂಟಿ ಪದಗಳು ಮೊದಲು, ಇಂಟರಾಕ್ಷನ್‌ಗಳು ಕೊನೆಗೆ. ಇದರಿಂದ ಎರಡು ಪರಿಣಾಮ. ಸಹಗುಣಕಗಳನ್ನು (ಪ್ರತಿ ಪದಕ್ಕೆ ಮಾಡೆಲ್ ಕೊಡುವ ಗುಣಕ ಸಂಖ್ಯೆಗಳು) ‘ನಾಲ್ಕನೆಯದು’ ಎಂದು ಸ್ಥಾನ ನೋಡಿ ಎತ್ತಿಕೊಳ್ಳುವ ಕೋಡ್ ಮುರಿದುಬೀಳುತ್ತದೆ, ಹೆಸರಿನಿಂದಲೇ ಎತ್ತಿಕೊಳ್ಳಿ. ಇನ್ನು ‘ಅನೋವ’ ಫಂಕ್ಷನ್ ಒಂದೇ ಮಾಡೆಲ್ ಕೊಟ್ಟಾಗ ಪದಗಳನ್ನು ಬಂದ ಕ್ರಮದಲ್ಲೇ ಒಂದಾದ ಮೇಲೊಂದು ಪರೀಕ್ಷಿಸುವುದರಿಂದ, ಕ್ರಮ ಬದಲಾದರೆ ಅದರ ಸಂಖ್ಯೆಗಳೂ ಬದಲಾಗಬಹುದು.

ಇಂಟರ್ಸೆಪ್ಟ್ (ಎಲ್ಲ ವೇರಿಯಬಲ್‌ಗಳೂ ಸೊನ್ನೆಯಾದಾಗ ಉಳಿಯುವ ಬೆಲೆ) ತೆಗೆಯಲು . ~ . - 1, ವಾಪಸ್ ತರಲು . ~ . + 1. ತೆಗೆಯುವುದು ಸುಲಭ, ಅದರ ಅರ್ಥ ಸುಲಭವಲ್ಲ. ಫ್ಯಾಕ್ಟರ್ ಎಂದರೆ ಸಂಖ್ಯೆಯಾಗಿ ಅಲ್ಲ, ಗುಂಪುಗಳ ಹೆಸರಾಗಿ ನೋಡುವ ವೇರಿಯಬಲ್. ಓಝೋನ್ ~ ಫ್ಯಾಕ್ಟರ್(ಮಂತ್) ಎಂಬ ಮಾಡೆಲ್‌ನಿಂದ ಇಂಟರ್ಸೆಪ್ಟ್ ತೆಗೆದರೆ ಫಿಟ್ ಒಂದಿಷ್ಟೂ ಬದಲಾಗುವುದಿಲ್ಲ. ಐದು ಸಹಗುಣಕಗಳು ನೇರವಾಗಿ ಐದು ತಿಂಗಳ ಸರಾಸರಿಗಳಾಗುತ್ತವೆ: ಮೇ 23.6, ಜೂನ್ 29.4, ಜುಲೈ 59.1, ಆಗಸ್ಟ್ 60.0, ಸೆಪ್ಟೆಂಬರ್ 31.4. ಓದಲು ಅನುಕೂಲವೇ. ಆದರೆ ಸಮ್ಮರಿಯಲ್ಲಿ ಬರುವ, ಮಾಡೆಲ್ ಎಷ್ಟು ಚೆನ್ನಾಗಿ ವಿವರಿಸುತ್ತದೆ ಎಂದು ಅಳೆಯುವ ಆರ್-ಸ್ಕ್ವೇರ್ ಮಾತ್ರ ಒಮ್ಮೆಗೇ ಜಿಗಿಯುತ್ತದೆ, ಯಾಕೆಂದರೆ ಇಂಟರ್ಸೆಪ್ಟ್ ಇಲ್ಲದಾಗ ಆರ್ ಸರಾಸರಿಯಿಂದಲ್ಲ, ಸೊನ್ನೆಯಿಂದ ದೂರ ಅಳೆಯುತ್ತದೆ. ಅದನ್ನು ನೋಡಿ ಮಾಡೆಲ್ ಸುಧಾರಿಸಿತು ಎಂದು ಹಿಗ್ಗಬೇಡಿ. ಇತ್ತ ಓಝೋನ್ ~ ಟೆಂಪ್ ಎಂಬಂಥ ಸಂಖ್ಯೆಯ ವೇರಿಯಬಲ್ ಮಾತ್ರ ಇರುವ ಮಾಡೆಲ್‌ನಲ್ಲಿ ಇಂಟರ್ಸೆಪ್ಟ್ ತೆಗೆದರೆ ಗೆರೆಯನ್ನು ಬಲವಂತವಾಗಿ ಸೊನ್ನೆಯ ಮೂಲಕ ಹಾಯಿಸಿದಂತೆ. ಅದು ನಿಜವಾಗಿ ಬೇರೆಯೇ ಮಾಡೆಲ್.

ಒಂಟಿ ಪದವನ್ನು ತೆಗೆದು ಇಂಟರಾಕ್ಷನ್ ಉಳಿಸಿಕೊಳ್ಳುವ ಆಟಕ್ಕೂ ಇದೇ ಮಾತು. ಎ ಮತ್ತು ಬಿ ಎರಡೂ ಫ್ಯಾಕ್ಟರ್ ಆಗಿದ್ದರೆ . ~ ಎ*ಬಿ - ಎ ಎಂದು ಬರೆದಾಗ ಆರ್ ಸಹಗುಣಕಗಳನ್ನು ಬೇರೆ ರೀತಿ ಹಂಚಿ ಅದೇ ಫಿಟ್ ಕೊಡುತ್ತದೆ. ನೀವು ಏನನ್ನೂ ತೆಗೆದಿಲ್ಲ. ಎರಡೂ ಸಂಖ್ಯೆಗಳಾಗಿದ್ದರೆ ಮಾಡೆಲ್ ನಿಜಕ್ಕೂ ಬದಲಾಗುತ್ತದೆ, ಮತ್ತು ಸೊನ್ನೆಯನ್ನು ಎಲ್ಲಿಟ್ಟಿರಿ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಖಚಿತ ಕಾರಣ ಇಲ್ಲದಿದ್ದರೆ ಈ ತಂಟೆಗೇ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಹಂತ 3: ಮಾಡೆಲ್‌ಗೇ ಅಪ್‌ಡೇಟ್ ಕೊಡಿ

ಸೂತ್ರದ ಬದಲು ಫಿಟ್ ಆದ ಮಾಡೆಲ್ ಅನ್ನೇ ಕೊಟ್ಟರೆ ಅಪ್‌ಡೇಟ್ ಸೂತ್ರ ತಿದ್ದಿ, ಹೊಸದಾಗಿ ಫಿಟ್ ಮಾಡಿ ಕೊಡುತ್ತದೆ. ಕೆಳಗಿನ ‘ಎಲ್‌ಎಂ’ ರಿಗ್ರೆಶನ್ ಮಾಡೆಲ್ ಫಿಟ್ ಮಾಡುವ ಫಂಕ್ಷನ್.

ಮಾ1 <- ಎಲ್‌ಎಂ(ಓಝೋನ್ ~ ಟೆಂಪ್, ಡೇಟಾ = ಏರ್‌ಕ್ವಾಲಿಟಿ)
ಮಾ2 <- ಅಪ್‌ಡೇಟ್(ಮಾ1, . ~ . + ವಿಂಡ್)
ಮಾ3 <- ಅಪ್‌ಡೇಟ್(ಮಾ2, . ~ . + ಸೋಲಾರ್.ಆರ್)

ಮಾ1ರಲ್ಲಿ ಟೆಂಪ್‌ನ ಸಹಗುಣಕ 2.43; ಮಾ3ರಲ್ಲಿ ಅದು 1.65ಕ್ಕೆ ಇಳಿದಿರುತ್ತದೆ. ಸೂತ್ರ ಮುಟ್ಟದೆ ಬೇರೆ ಅಂಶಗಳನ್ನೂ ಬದಲಿಸಬಹುದು: ಅಪ್‌ಡೇಟ್(ಮಾ1, ಸಬ್‌ಸೆಟ್ = ಮಂತ್ != 5) ಎಂದರೆ ಮೇ ತಿಂಗಳು ಬಿಟ್ಟು ಅದೇ ಮಾಡೆಲ್. ಕೊನೆಗೆ ಇವ್ಯಾಲ್ಯುಯೇಟ್ = ಫಾಲ್ಸ್ ಸೇರಿಸಿದರೆ ಫಿಟ್ ಮಾಡುವುದಿಲ್ಲ, ಯಾವ ಆಜ್ಞೆ ಓಡಲಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಗೊಂದಲವಾದಾಗ ನಾನು ಮೊದಲು ನೋಡುವುದು ಇದನ್ನೇ.

ಒಂದು ಚಟದ ಬಗ್ಗೆ ಎಚ್ಚರಿಕೆ. ಮಾ1 <- ಅಪ್‌ಡೇಟ್(ಮಾ1, ಲಾಗ್(.) ~ .) ಎಂದು ಅದೇ ಹೆಸರಿಗೆ ಬರೆದು, ಆ ಸಾಲನ್ನು ಕೈತಪ್ಪಿ ಎರಡು ಸಲ ಓಡಿಸಿದರೆ ಎಡಬದಿ ಲಾಗ್(ಲಾಗ್(ಓಝೋನ್)) ಆಗುತ್ತದೆ. ಈ ದತ್ತಾಂಶದಲ್ಲಿ ಅದು ತಕ್ಷಣ ಸಿಕ್ಕಿಬೀಳುತ್ತದೆ: ಮೇ 21ರ ಓಝೋನ್ ಅಳತೆ 1, ಅದರ ಲಾಗ್ ಸೊನ್ನೆ, ಸೊನ್ನೆಯ ಲಾಗ್ ಋಣ ಅನಂತ, ಎಲ್‌ಎಂ ಅಲ್ಲೇ ನಿಂತುಬಿಡುತ್ತದೆ. ಎಲ್ಲ ಅಳತೆಗಳೂ ದೊಡ್ಡದಾಗಿರುವ ದತ್ತಾಂಶದಲ್ಲಿ ಈ ಅದೃಷ್ಟ ಇರುವುದಿಲ್ಲ. ಪ್ರತಿ ತಿದ್ದುಪಡಿಗೂ ಹೊಸ ಹೆಸರು ಕೊಡಿ. ಅಂದಹಾಗೆ, ಎಡಬದಿಗೆ ಲಾಗ್ ಹಾಕಿದ ಮಾಡೆಲ್‌ನ ಎಐಸಿಯನ್ನು (ಮಾಡೆಲ್‌ಗಳನ್ನು ಹೋಲಿಸಲು ಬಳಸುವ ಅಂಕ) ಹಾಕದ ಮಾಡೆಲ್‌ನ ಎಐಸಿಯೊಂದಿಗೆ ಹಾಗೇ ಹೋಲಿಸುವಂತಿಲ್ಲ, ಅಳತೆಗೋಲೇ ಬೇರೆ.

ಹಂತ 4: ಸಾಲುಗಳನ್ನು ಎಣಿಸಿ

ಸೂತ್ರ ತಿದ್ದಿದಾಗ ಪದಗಳಷ್ಟೇ ಬದಲಾಗುತ್ತವೆ ಎಂದುಕೊಂಡಿರುತ್ತೇವೆ. ಆದರೆ ಸೂತ್ರದಲ್ಲಿ ಹೆಸರಿಸಿದ ಯಾವುದೇ ಕಾಲಂನಲ್ಲಿ ಎನ್‌ಎ ಇದ್ದರೆ ಆ ಸಾಲನ್ನೇ ಎಲ್‌ಎಂ ಕೈಬಿಡುತ್ತದೆ. ಅಂದರೆ ಸೂತ್ರ ಬದಲಾದರೆ ಯಾವ ದಿನಗಳ ಮೇಲೆ ಮಾಡೆಲ್ ನಿಂತಿದೆ ಎಂಬುದೂ ಬದಲಾಗಬಹುದು.

ಬಳಕೆಯಾದ ಸಾಲುಗಳ ಸಂಖ್ಯೆ ತಿಳಿಯಲು ನೋಬ್ಸ್(ಮಾ1) ಕೇಳಿ: 116. ನೋಬ್ಸ್(ಮಾ2): 116. ನೋಬ್ಸ್(ಮಾ3): 111. ಸೋಲಾರ್.ಆರ್ ಬಂದ ಕೂಡಲೇ ಐದು ದಿನ ಮಾಯ. ಈಗ ಅನೋವ(ಮಾ2, ಮಾ3) ಓಡಿಸಿದರೆ ಮಾಡೆಲ್‌ಗಳು ಒಂದೇ ಗಾತ್ರದ ದತ್ತಾಂಶದ ಮೇಲಿಲ್ಲ ಎಂಬರ್ಥದ ದೋಷ ಬರುತ್ತದೆ. ಅದು ಒಳ್ಳೆಯದೇ. ಎಐಸಿ(ಮಾ2, ಮಾ3) ಮಾತ್ರ ಒಂದು ಎಚ್ಚರಿಕೆ ಗೊಣಗಿ, ಸಂಖ್ಯೆಗಳನ್ನು ಕೈಗೆ ಕೊಟ್ಟೇಬಿಡುತ್ತದೆ. ಒಂದೊಂದು ಮಾಡೆಲ್‌ನ ಎಐಸಿಯನ್ನು ಬೇರೆಬೇರೆಯಾಗಿ ಕೇಳಿ ಪಟ್ಟಿ ಮಾಡಿದರೆ ಆ ಗೊಣಗಾಟವೂ ಇಲ್ಲ.

ಇದಕ್ಕೆ ಮದ್ದು ಸರಳ. ಎಲ್ಲಕ್ಕಿಂತ ದೊಡ್ಡ ಸೂತ್ರವನ್ನು ಮೊದಲು ಬರೆಯಿರಿ, ಅದರಲ್ಲಿ ಬರುವ ಕಾಲಂಗಳಲ್ಲಿ ಖಾಲಿ ಇಲ್ಲದ ಸಾಲುಗಳನ್ನಷ್ಟೇ ಬೇರೆ ಎತ್ತಿಡಿ, ಎಲ್ಲ ಮಾಡೆಲ್‌ಗಳನ್ನೂ ಅದರ ಮೇಲೆ ಫಿಟ್ ಮಾಡಿ.

ದೊಡ್ಡ <- ಓಝೋನ್ ~ ಟೆಂಪ್ + ವಿಂಡ್ + ಸೋಲಾರ್.ಆರ್
ಪೂರ್ಣ <- ಎನ್‌ಎ.ಓಮಿಟ್(ಏರ್‌ಕ್ವಾಲಿಟಿ[, ಆಲ್.ವಾರ್ಸ್(ದೊಡ್ಡ)])
ಮಾ3 <- ಎಲ್‌ಎಂ(ದೊಡ್ಡ, ಡೇಟಾ = ಪೂರ್ಣ)
ಮಾ2 <- ಅಪ್‌ಡೇಟ್(ಮಾ3, . ~ . - ಸೋಲಾರ್.ಆರ್)

‘ಆಲ್.ವಾರ್ಸ್’ ಸೂತ್ರದಲ್ಲಿರುವ ವೇರಿಯಬಲ್‌ಗಳ ಹೆಸರನ್ನು ಹೆಕ್ಕಿ ಕೊಡುತ್ತದೆ. ಲಾಗ್(ಟೆಂಪ್) ಎಂದಿದ್ದರೂ ಅದಕ್ಕೆ ಕಾಣುವುದು ಟೆಂಪ್ ಮಾತ್ರ, ನಮಗೂ ಬೇಕಿರುವುದು ಅಷ್ಟೇ. ಈಗ ಎರಡರಲ್ಲೂ 111 ಸಾಲು.

ಕಳೆ ಚಿಹ್ನೆಯ ಒಂದು ಒಳಗುಟ್ಟು ಇಲ್ಲೇ ಹೇಳಬೇಕು. ಅನುಭವಿಗಳಿಗೂ ಇದು ಗೊತ್ತಿರುವುದಿಲ್ಲ. ಎಲ್‌ಎಂ ಒಳಗೇ ನೇರವಾಗಿ ಹೀಗೆ ಬರೆದು ನೋಡಿ:

ಎಲ್‌ಎಂ(ಓಝೋನ್ ~ ಟೆಂಪ್ - ಸೋಲಾರ್.ಆರ್, ಡೇಟಾ = ಏರ್‌ಕ್ವಾಲಿಟಿ)

ಸಹಗುಣಕಗಳಲ್ಲಿ ಸೋಲಾರ್.ಆರ್ ಇಲ್ಲ. ಆದರೂ ಬಳಕೆಯಾದ ಸಾಲು 111, 116 ಅಲ್ಲ! ‘ಬೇಡ’ ಎಂದು ಹೇಳುವುದಕ್ಕಾಗಿಯಾದರೂ ಅದರ ಹೆಸರು ತೆಗೆದೆವಲ್ಲ; ಪದಗಳ ಪಟ್ಟಿಯಿಂದ ಅದು ಹೋಯಿತು, ವೇರಿಯಬಲ್‌ಗಳ ಪಟ್ಟಿಯಲ್ಲಿ ಉಳಿಯಿತು. ಎನ್‌ಎ ಸೋಸುವುದು ಆ ಎರಡನೆಯ ಪಟ್ಟಿಯನ್ನು ನೋಡಿ. ಓಝೋನ್ ~ . - ಸೋಲಾರ್.ಆರ್ ಎಂದು ಬರೆದಾಗಲೂ ಇದೇ ಕಥೆ. ಮುಂದೆ ‘ಪ್ರಿಡಿಕ್ಟ್’ ಮಾಡಲು ಹೋದರೆ, ಮಾಡೆಲ್‌ನಲ್ಲಿ ಇಲ್ಲವೇ ಇಲ್ಲದ ಆ ಕಾಲಂ ಹೊಸ ದತ್ತಾಂಶದಲ್ಲಿ ಬೇಕು ಎಂದು ಹಟ ಹಿಡಿಯುತ್ತದೆ. ಅಪ್‌ಡೇಟ್ ಮೂಲಕ ಕಳೆದರೆ ಈ ಕಾಟ ಇಲ್ಲ. ಅದು ಸೂತ್ರವನ್ನು ಸಂಕ್ಷೇಪಿಸಿ, ಹೆಸರನ್ನು ಬೇರುಸಹಿತ ತೆಗೆಯುತ್ತದೆ.

ಅದೇ ಸಂಕ್ಷೇಪಕ್ಕೆ ಇನ್ನೊಂದು ಮುಖವೂ ಇದೆ. ಇಲ್ಲದ ಪದವನ್ನು ಕಳೆಯಿರಿ ಎಂದರೂ ಅಪ್‌ಡೇಟ್ ತಕರಾರು ಮಾಡುವುದಿಲ್ಲ. ವಿಂಡ್ ಬದಲು ‘ವಿಡ್’ ಎಂದು ತಪ್ಪಾಗಿ ಟೈಪ್ ಮಾಡಿದರೆ ಹಳೆಯ ಸೂತ್ರವೇ ವಾಪಸ್ ಬರುತ್ತದೆ. ಎ:ಬಿ ಇರುವಲ್ಲಿ ಬಿ:ಎ ಎಂದು ಕಳೆದರೆ ಅದಕ್ಕೆ ಅರ್ಥವಾಗುತ್ತದೆ. ಆದರೆ ಲಾಗ್(ಟೆಂಪ್) ಇರುವಲ್ಲಿ ಬರೀ ಟೆಂಪ್ ಕಳೆದರೆ ಏನೂ ಆಗದು. ಫಂಕ್ಷನ್ ಹೊದ್ದ ಪದವನ್ನು ಇದ್ದಂತೆಯೇ ಬರೆದು ಕಳೆಯಬೇಕು.

ಹಂತ 5: ಚುಕ್ಕಿಗೆ ಎರಡು ಅರ್ಥ

ಎಲ್‌ಎಂ(ಓಝೋನ್ ~ ., ಡೇಟಾ = ಏರ್‌ಕ್ವಾಲಿಟಿ) ಎಂದಾಗ ಚುಕ್ಕಿ ಎಂದರೆ ‘ಓಝೋನ್ ಬಿಟ್ಟು ಉಳಿದ ಎಲ್ಲ ಕಾಲಂ’. ಅಪ್‌ಡೇಟ್ ಒಳಗಿನ ಚುಕ್ಕಿ ಎಂದರೆ ‘ಹಳೆಯದು’. ಫಿಟ್ ಆದ ಮಾಡೆಲ್ ಮೇಲೆ ಕೆಲಸ ಮಾಡುವಾಗ ತೊಂದರೆ ಇಲ್ಲ, ಎಲ್‌ಎಂ ಆಗಲೇ ಚುಕ್ಕಿಯನ್ನು ಐದು ಹೆಸರುಗಳಾಗಿ ಬಿಡಿಸಿಟ್ಟಿರುತ್ತದೆ. ಬರೀ ಸೂತ್ರವನ್ನು ಹಿಡಿದು ತಿದ್ದುವಾಗ ಮಾತ್ರ ಚುಕ್ಕಿ ಏನೆಂದು ಯಾರಿಗೂ ಗೊತ್ತಿಲ್ಲ. ಆಗ ಮೊದಲು ದತ್ತಾಂಶ ತೋರಿಸಿ ಬಿಡಿಸಿಕೊಳ್ಳಿ:

ಸೂ <- ಫಾರ್ಮುಲಾ(ಟರ್ಮ್ಸ್(ಓಝೋನ್ ~ ., ಡೇಟಾ = ಏರ್‌ಕ್ವಾಲಿಟಿ))

ಹಂತ 6: ಹೆಸರುಗಳ ಪಟ್ಟಿಯಿಂದ ಸೂತ್ರ ಕಟ್ಟುವುದು

ವೇರಿಯಬಲ್‌ಗಳ ಹೆಸರು ಇನ್ನೊಂದು ಲೆಕ್ಕದಿಂದ ಪಟ್ಟಿಯಾಗಿ ಬರುತ್ತಿದ್ದರೆ ‘ಪೇಸ್ಟ್’ ಮಾಡಿ ‘ಆ್ಯಸ್.ಫಾರ್ಮುಲಾ’ಗೆ ಹಾಕುವುದು ಹಳೆಯ ದಾರಿ. ಅದಕ್ಕಿಂತ ‘ರಿಫಾರ್ಮುಲೇಟ್’ ಚೊಕ್ಕ.

ರಿಫಾರ್ಮುಲೇಟ್(ಸಿ("ಟೆಂಪ್", "ವಿಂಡ್"), ರೆಸ್ಪಾನ್ಸ್ = "ಓಝೋನ್")

ಒಂದೊಂದೇ ವೇರಿಯಬಲ್ ಹಾಕಿ ನೋಡಬೇಕೆಂದರೆ:

ಎಲ್‌ಅಪ್ಲೈ(ಸಿ("ಟೆಂಪ್", "ವಿಂಡ್", "ಸೋಲಾರ್.ಆರ್"), ಫಂಕ್ಷನ್(ವಿ)
  ಎಲ್‌ಎಂ(ರಿಫಾರ್ಮುಲೇಟ್(ವಿ, "ಓಝೋನ್"), ಡೇಟಾ = ಪೂರ್ಣ))

ಕಾಲಂ ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ಪಠ್ಯದ ದಾರಿಯಲ್ಲಿ ಹಿಮ್ಮುಖ ಉದ್ಧರಣ ಚಿಹ್ನೆಗಳನ್ನು ನೀವೇ ಹಾಕಬೇಕು. ಅದನ್ನು ತಪ್ಪಿಸಲು ಹೆಸರನ್ನು ಹೆಸರಾಗಿಯೇ ಒಳಗಿಡುವ ‘ಬಿಕೋಟ್’ ಇದೆ:

ಅಪ್‌ಡೇಟ್(ಸೂ, ಬಿಕೋಟ್(. ~ . + .(ಆ್ಯಸ್.ನೇಮ್(ವಿ))))

ಆವರಣದ ಜೊತೆ ಬಂದ ಚುಕ್ಕಿ ಎಂದರೆ ‘ಇದರ ಬೆಲೆ ಇಲ್ಲಿ ಇಡು’. ಒಂಟಿ ಚುಕ್ಕಿಗಳು ಅಪ್‌ಡೇಟ್‌ಗೆ ಸೇರಿದವು. ನೋಡಲು ಕಣ್ಣಿಗೆ ಚುಕ್ಕಿಗಳ ರಂಗೋಲಿ, ಆದರೆ ಎಂಥ ವಿಚಿತ್ರ ಹೆಸರಿಗೂ ಜಗ್ಗುವುದಿಲ್ಲ.

ಕಟ್ಟುವುದು ಇಷ್ಟು ಸುಲಭವಾದ ಮೇಲೆ ಎಲ್ಲ ಜೋಡಣೆಗಳನ್ನೂ ಓಡಿಸುವ ಆಸೆ ಹುಟ್ಟುತ್ತದೆ. ಮೂರು ವೇರಿಯಬಲ್‌ಗೆ 7 ಸೂತ್ರ, ಹತ್ತಕ್ಕೆ 1023. ಸಾವಿರ ಮಾಡೆಲ್‌ಗಳಲ್ಲಿ ಚೆಂದದ್ದನ್ನು ಆರಿಸಿ, ಅದೊಂದನ್ನೇ ಮೊದಲಿನಿಂದ ಯೋಚಿಸಿದ್ದೆವು ಎಂಬಂತೆ ಪಿ-ವ್ಯಾಲ್ಯೂ (ಫಲಿತಾಂಶ ಬರೀ ಆಕಸ್ಮಿಕವೇ ಎಂದು ತೂಗಲು ಬಳಸುವ ಸಂಖ್ಯೆ) ವರದಿ ಮಾಡುವುದು ಸರಿಯಲ್ಲ.

ಹೀಗೆ ಕಟ್ಟಿದ ಸೂತ್ರಕ್ಕೆ ಒಂದು ವಿಚಿತ್ರ ಬಾಲ ಇರುತ್ತದೆ. ಎಲ್‌ಎಂ(ಸೂ, ...) ಎಂದು ಫಿಟ್ ಮಾಡಿದರೆ ಮಾಡೆಲ್ ತನ್ನ ಆಜ್ಞೆಯಲ್ಲಿ ನೆನಪಿಟ್ಟುಕೊಳ್ಳುವುದು ‘ಸೂ’ ಎಂಬ ಹೆಸರನ್ನು ಮಾತ್ರ. ಆಮೇಲೆ ಸೂತ್ರ ಹೇಳದೆ ಅಪ್‌ಡೇಟ್(ಮಾ, ಸಬ್‌ಸೆಟ್ = ...) ಎಂದರೆ ಆರ್ ಈಗ ‘ಸೂ’ ಹೆಸರಿನಲ್ಲಿ ಏನಿದೆಯೋ ಅದನ್ನು ಎತ್ತಿಕೊಳ್ಳುತ್ತದೆ. ಲೂಪ್ ಒಳಗೆ ‘ಸೂ’ ಬದಲಾಗುತ್ತಾ ಹೋಗಿದ್ದರೆ, ಮೊದಲ ಮಾಡೆಲ್ ಎಂದುಕೊಂಡು ನೀವು ಪಡೆಯುವುದು ಕೊನೆಯ ಸೂತ್ರದ ಮಾಡೆಲ್. ಸೂತ್ರವನ್ನೇ ಆಜ್ಞೆಯೊಳಗೆ ಅಚ್ಚೊತ್ತಲು ಹೀಗೆ ಮಾಡಿ:

ಡು.ಕಾಲ್("ಎಲ್‌ಎಂ", ಲಿಸ್ಟ್(ಸೂ, ಡೇಟಾ = ಕೋಟ್(ಪೂರ್ಣ)))

‘ಕೋಟ್’ ಮರೆತರೆ ಲೆಕ್ಕ ಸರಿಯೇ ಬರುತ್ತದೆ. ಆದರೆ ಮಾಡೆಲ್ ಪ್ರಿಂಟ್ ಮಾಡಿದಾಗ ಇಡೀ ದತ್ತಾಂಶ ಪರದೆ ಮೇಲೆ ಸುರಿಯುತ್ತದೆ.

ಹಂತ 7: ಒಳಗೆ ಕೈ ಹಾಕುವುದು

ಅಪ್‌ಡೇಟ್‌ಗೆ ಆಗದ ಒಂದು ಕೆಲಸ ಇದೆ: ಒಂದು ವೇರಿಯಬಲ್ ಎಲ್ಲೆಲ್ಲಿ ಬಂದಿದೆಯೋ, ಇಂಟರಾಕ್ಷನ್‌ಗಳ ಒಳಗೂ ಸೇರಿ, ಅಲ್ಲೆಲ್ಲ ಬದಲಿಸುವುದು. ಇಲ್ಲಿ ‘ಸಬ್ಸ್ಟಿಟ್ಯೂಟ್’ ಬೇಕು. ಫ್ಯಾರನ್‌ಹೀಟ್‌ನಲ್ಲಿರುವ ಟೆಂಪ್ ಅನ್ನು ಸೆಲ್ಸಿಯಸ್‌ಗೆ ತಿರುಗಿಸೋಣ.

ಸೂ <- ಓಝೋನ್ ~ ಟೆಂಪ್
ಹೊಸದು <- ಡು.ಕಾಲ್("ಸಬ್ಸ್ಟಿಟ್ಯೂಟ್", ಲಿಸ್ಟ್(ಸೂ,
  ಲಿಸ್ಟ್(ಟೆಂಪ್ = ಕೋಟ್(ಐ((ಟೆಂಪ್ - 32) * 5/9)))))
ಹೊಸದು <- ಆ್ಯಸ್.ಫಾರ್ಮುಲಾ(ಹೊಸದು)

ಐ( ) ಹೊದಿಕೆ ಇಲ್ಲದಿದ್ದರೆ ಕಳೆ, ಗುಣಿಸು, ಭಾಗಿಸು ಚಿಹ್ನೆಗಳು ಸೂತ್ರದ ಭಾಷೆಗೆ ತಿರುಗಿ ಅನರ್ಥವಾಗುತ್ತದೆ. ಸಬ್ಸ್ಟಿಟ್ಯೂಟ್ ಮರವನ್ನು ಕೊಂಬೆ ಕೊಂಬೆಯಾಗಿ ನೋಡುವುದರಿಂದ ‘ಟೆಂಪ್2’ ಎಂಬ ಬೇರೆ ಹೆಸರಿಗೆ ಏನೂ ಆಗುವುದಿಲ್ಲ. ಸರಿಯಾಯಿತೇ ಎಂದು ಪರೀಕ್ಷಿಸುವುದೂ ಸುಲಭ. ಅಳತೆಯ ಮಾನ ಬದಲಾದರೆ ಫಿಟ್ ಬದಲಾಗಬಾರದು: ಇಳಿಜಾರು 2.43ರಿಂದ ಅದರ 9/5 ಪಟ್ಟು, ಅಂದರೆ 4.37 ಆಗಬೇಕು, ಇಂಟರ್ಸೆಪ್ಟ್ −147.0ರಿಂದ −69.3ಕ್ಕೆ ಬರಬೇಕು. ಬರುತ್ತದೆ.

ಎಡಬದಿ ಮಾತ್ರ ಬದಲಿಸಲು ಸೂ[[2]] <- ಕೋಟ್(ಲಾಗ್(ಓಝೋನ್)) ಸಾಕು. ಪದಗಳ ಪಟ್ಟಿ ಬೇಕಿದ್ದರೆ ಆಟ್ರ್(ಟರ್ಮ್ಸ್(ಸೂ), "ಟರ್ಮ್.ಲೇಬಲ್ಸ್"). ಅದರಲ್ಲಿ ಬೇಕಾದವನ್ನು ಸೋಸಿ ರಿಫಾರ್ಮುಲೇಟ್‌ಗೆ ಕೊಡಬಹುದು. ‘ಡ್ರಾಪ್.ಟರ್ಮ್ಸ್’ ಎಂಬುದೂ ಇದೆ, ಆದರೆ ಕೀಪ್.ರೆಸ್ಪಾನ್ಸ್ = ಟ್ರೂ ಎಂದು ಹೇಳದಿದ್ದರೆ ಎಡಬದಿಯನ್ನೇ ನುಂಗಿಬಿಡುತ್ತದೆ. ಸ್ಥಾನಸಂಖ್ಯೆಯಿಂದ ಪದ ತೆಗೆಯುವ ಆ ಫಂಕ್ಷನ್ ನನಗೆ ಎಂದೂ ಒಗ್ಗಲಿಲ್ಲ.

ಸೂತ್ರವನ್ನು ಗ್ರಾಫ್‌ನ ತಲೆಬರಹಕ್ಕೆ ಪಠ್ಯವಾಗಿ ಇಳಿಸುವಾಗ ‘ಡಿಪಾರ್ಸ್’ ಉದ್ದದ ಸೂತ್ರವನ್ನು ತುಂಡು ಮಾಡಿ ಎರಡು ಮೂರು ಸಾಲುಗಳಾಗಿ ಕೊಡುತ್ತದೆ. ಚಿಕ್ಕ ಸೂತ್ರದಲ್ಲಿ ಸರಿಯಿದ್ದ ಕೋಡ್ ದೊಡ್ಡದರಲ್ಲಿ ಕೈಕೊಡುವುದು ಇದಕ್ಕೇ. 2020ರಲ್ಲಿ ಬಂದ ಆರ್ 4.0.0ರಿಂದ ‘ಡಿಪಾರ್ಸ್1’ ಇದೆ, ಯಾವಾಗಲೂ ಒಂದೇ ಸಾಲು.

ಹಂತ 8: ಹುಟ್ಟಿದ ಜಾಗದ ನೆನಪು

ಸೂತ್ರ ತಾನು ಹುಟ್ಟಿದ ಪರಿಸರವನ್ನು ಹೊತ್ತು ತಿರುಗುತ್ತದೆ ಎಂದೆನಲ್ಲ. ಡೇಟಾದಲ್ಲಿ ಸಿಗದ ಹೆಸರನ್ನು ಎಲ್ಎಂ ಹುಡುಕುವುದು ಅಲ್ಲಿ. ನಿಮ್ಮ ಫಂಕ್ಷನ್ ಒಳಗೆ ಹುಟ್ಟಿದ ಸೂತ್ರ ಆ ಫಂಕ್ಷನ್‌ನ ಒಳಗಿದ್ದ ವಸ್ತುಗಳನ್ನೆಲ್ಲ ಹಿಡಿದುಕೊಂಡೇ ಹೊರಬರುತ್ತದೆ. ಒಂದು ಸಾಲಿನ ಸೂತ್ರವನ್ನು ಫೈಲ್‌ಗೆ ಉಳಿಸಿದಾಗ ಫೈಲ್ ಬೃಹದಾಕಾರವಾಗಿದ್ದರೆ ಕಾರಣ ಇದೇ: ಒಳಗಿದ್ದ ದತ್ತಾಂಶವೂ ಜೊತೆಗೆ ಹೋಗಿದೆ. ಅಂಥ ಕಡೆ ಎನ್ವಿರಾನ್‌ಮೆಂಟ್(ಸೂ) <- ಗ್ಲೋಬಲ್‌ಎನ್ವ್( ) ಎಂದು ನಂಟು ಬದಲಿಸಬಹುದು, ಒಳಗಿನ ಯಾವ ವಸ್ತುವೂ ಸೂತ್ರಕ್ಕೆ ಬೇಡ ಎಂದು ಖಚಿತವಿದ್ದರೆ ಮಾತ್ರ.

ಮಾಡೆಲ್‌ಗೆ ಅಪ್‌ಡೇಟ್ ಕೊಟ್ಟಾಗ ‘ಪೂರ್ಣ’ ಸಿಗಲಿಲ್ಲ ಎಂಬ ದೋಷ ಬಂದರೆ ಬೇರೆ ಕಡೆ ನೋಡಿ. ಅಪ್‌ಡೇಟ್ ಹಳೆಯ ಆಜ್ಞೆಯನ್ನು ನೀವು ಈಗ ನಿಂತಿರುವ ಜಾಗದಿಂದ ಮತ್ತೆ ಓಡಿಸುತ್ತದೆ. ಆ ಹೆಸರು ಇಲ್ಲಿ ಇಲ್ಲದಿದ್ದರೆ ದೋಷ. ಅದೇ ಹೆಸರಿನಲ್ಲಿ ಬೇರೆ ದತ್ತಾಂಶ ಇದ್ದರೆ ಇನ್ನೂ ಕೆಟ್ಟದ್ದು. ಡೇಟಾ = ಎಂದು ಸ್ಪಷ್ಟವಾಗಿ ಮತ್ತೆ ಕೊಡಿ.

ಹಂತ 9: ಮಿಶ್ರ ಮಾಡೆಲ್‌ಗಳು

ಎಲ್‌ಎಂಇ4 ಪ್ಯಾಕೇಜ್‌ನ ಸೂತ್ರಗಳಲ್ಲಿ ಲಂಬ ಗೆರೆಯ ಪದಗಳು ಬರುತ್ತವೆ. ಮಿಶ್ರ ಮಾಡೆಲ್ ಎಂದರೆ ಒಬ್ಬೊಬ್ಬರಿಂದ ಹಲವು ಅಳತೆಗಳಿರುವಂಥ ದತ್ತಾಂಶಕ್ಕೆ ಬಳಸುವ ಮಾಡೆಲ್; (ಡೇಸ್ | ಸಬ್ಜೆಕ್ಟ್) ಎಂದರೆ ಪ್ರತಿ ವ್ಯಕ್ತಿಗೂ ಬೇರೆ ಇಂಟರ್ಸೆಪ್ಟ್, ಬೇರೆ ಇಳಿಜಾರು. ಪ್ಯಾಕೇಜ್ ಜೊತೆ ಬರುವ ‘ಸ್ಲೀಪ್‌ಸ್ಟಡಿ’ ದತ್ತಾಂಶದಲ್ಲಿ 18 ಜನ, ತಲಾ 10 ದಿನ.

ಮಾ <- ಎಲ್‌ಮರ್(ರಿಯಾಕ್ಷನ್ ~ ಡೇಸ್ + (ಡೇಸ್ | ಸಬ್ಜೆಕ್ಟ್), ಸ್ಲೀಪ್‌ಸ್ಟಡಿ)
ಅಪ್‌ಡೇಟ್(ಮಾ, . ~ . - (ಡೇಸ್ | ಸಬ್ಜೆಕ್ಟ್) + (1 | ಸಬ್ಜೆಕ್ಟ್))

ಹಳೆಯ ಪದವನ್ನು ಆವರಣ ಸಮೇತ, ಇದ್ದಂತೆಯೇ ಕಳೆಯಬೇಕು. ಕಳೆಯದೆ ಬರೀ (1 | ಸಬ್ಜೆಕ್ಟ್) ಸೇರಿಸಿದರೆ ಹಳೆಯದರ ಜಾಗಕ್ಕೆ ಬರುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ. ಒಂದೇ ಇಂಟರ್ಸೆಪ್ಟ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಆವರಣ ಬಿಟ್ಟರಂತೂ ಸೂತ್ರದ ಅರ್ಥವೇ ಕೆಡುತ್ತದೆ.

ಹಂತ 10: ನಿಮ್ಮದೇ ಒಂದು ಚಿಕ್ಕ ಸಾಧನ

ಮೇಲಿನ ಅಪಾಯಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಬರುವಂಥವು. ಹಾಗಾಗಿ ನಾನು ಬರೀ ಅಪ್‌ಡೇಟ್ ಬಳಸುವುದು ಕಡಿಮೆ. ಹೊಸ ಸೂತ್ರ, ಸಾಲುಗಳ ಸಂಖ್ಯೆ ಎರಡನ್ನೂ ತೋರಿಸಿ, ಏನೂ ಬದಲಾಗದಿದ್ದರೆ ಕೂಗುವ ಒಂದು ಹೊದಿಕೆ ಬರೆದಿಟ್ಟುಕೊಂಡಿದ್ದೇನೆ:

ತಿದ್ದು <- ಫಂಕ್ಷನ್(ಮಾ, ಬದಲು) {
  ಹೊಸ <- ಅಪ್‌ಡೇಟ್(ಮಾ, ಬದಲು)
  ಮುಂಚೆ <- ಡಿಪಾರ್ಸ್1(ಅಪ್‌ಡೇಟ್(ಫಾರ್ಮುಲಾ(ಮಾ), . ~ .))
  ಈಗ <- ಡಿಪಾರ್ಸ್1(ಫಾರ್ಮುಲಾ(ಹೊಸ))
  ಮೆಸೇಜ್(ಈಗ)
  ಮೆಸೇಜ್("ಸಾಲು: ", ನೋಬ್ಸ್(ಮಾ), " -> ", ನೋಬ್ಸ್(ಹೊಸ))
  ಇಫ್ (ಮುಂಚೆ == ಈಗ) ವಾರ್ನಿಂಗ್("ಸೂತ್ರ ಬದಲಾಗಲಿಲ್ಲ")
  ಹೊಸ
}

‘ಮುಂಚೆ’ ಸಾಲಿನಲ್ಲಿ . ~ . ಎಂದು ಏನೂ ಬದಲಿಸದೆ ಅಪ್‌ಡೇಟ್ ಕೊಟ್ಟಿರುವುದಕ್ಕೆ ಕಾರಣ ಇದೆ. ಹಳೆಯ ಸೂತ್ರ ಎ*ಬಿ ಎಂದಿದ್ದರೆ ಅದೂ ಬಿಡಿಸಿದ ರೂಪಕ್ಕೆ ಬರಲಿ, ಹೋಲಿಕೆ ಸಮನಾಗಿರಲಿ ಎಂದು. ಮಾ1 ಮೂಲ ಏರ್‌ಕ್ವಾಲಿಟಿಯ ಮೇಲೆ ಫಿಟ್ ಆಗಿರುವಾಗ ತಿದ್ದು(ಮಾ1, . ~ . + ಸೋಲಾರ್.ಆರ್) ಎಂದರೆ ಹೊಸ ಸೂತ್ರದ ಕೆಳಗೆ ‘ಸಾಲು: 116 -> 111’ ಎಂದು ಬರುತ್ತದೆ. ತಿದ್ದು(ಮಾ1, . ~ . - ವಿಡ್) ಎಂದರೆ 116 -> 116, ಜೊತೆಗೆ ‘ಸೂತ್ರ ಬದಲಾಗಲಿಲ್ಲ’.